ಹಿಮ ಬೀಳದ ಜನವರಿಯಲ್ಲಿ ಕೇದಾರಕಂಠ

ಚಳಿಗಾಲದಲ್ಲಿ ಉತ್ತರಾಖಂಡದ ಕೇದಾರಕಂಠ ಬೆಟ್ಟ ಹತ್ತಿ ಬಂದವರ ಚಿತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆ: ಮೊಣಕಾಲು ಮುಳುಗುವ ಹಿಮ, ಬೆಳ್ಳಗೆ ಬಾಗಿದ ಮರಗಳು, ನಡುವೆ ಕೆಂಪು ಜಾಕೆಟ್. 2024ರ ಜನವರಿಯ ನಡುವಿನಲ್ಲಿ ಅಕ್ಕನ ಮಗಳನ್ನು ಕರೆದುಕೊಂಡು ಹೋದಾಗ ಅಲ್ಲಿ ಆ ಜಾಕೆಟ್ ಒಂದೇ ಇತ್ತು. ಆ ವರ್ಷ ಕಾಶ್ಮೀರದ ಗುಲ್ಮಾರ್ಗ್‌ನಿಂದ ಉತ್ತರಾಖಂಡದ ಔಲಿಯವರೆಗೆ ಸ್ಕೀಯಿಂಗ್ ಇಳಿಜಾರುಗಳೇ ಕಂದಾಗಿ ಬಿದ್ದಿದ್ದವು. ಬೆಂಗಳೂರಿನಿಂದ ನಮ್ಮ ಜೊತೆ ಹೊರಡಬೇಕಿದ್ದ ಕೆಲವರು ಹಿಂದೆ ಸರಿದರು. ನಾವು ಹೋದೆವು, ಹೋದದ್ದಕ್ಕೆ ಸಂತೋಷವಿದೆ. ಆದರೆ ಹಿಮವಿಲ್ಲದಿದ್ದರೆ ಚಾರಣ ಸುಲಭ ಎನ್ನುವವರ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ಡೆಹ್ರಾಡೂನಿನಿಂದ ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಗೆ ಸುಮಾರು 200 ಕಿಲೋಮೀಟರ್. ಮಸ್ಸೂರಿ, ಪುರೋಲಾ, ಮೋರಿ ದಾಟಿ ನೈಟ್ವಾಡ್ ತಲುಪಿದರೆ ಅಲ್ಲಿ ರುಪಿನ್ ಮತ್ತು ಸುಪಿನ್ ಸೇರಿ ಟೋನ್ಸ್ ನದಿಯಾಗುತ್ತವೆ. ದಾರಿಯುದ್ದಕ್ಕೂ ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. "ಚಿಕ್ಕಮ್ಮಾ, ಹಿಮ ಎಲ್ಲಿಂದ ಶುರುವಾಗುತ್ತದೆ?" ಎಂದು ಹುಡುಗಿ ಪ್ರತಿ ತಿರುವಿನಲ್ಲೂ ಕೇಳುತ್ತಿದ್ದಳು.

ಪಶ್ಚಿಮ ಹಿಮಾಲಯಕ್ಕೆ ಚಳಿಗಾಲದ ಮಳೆ, ಹಿಮ ಎರಡನ್ನೂ ತರುವುದು ಮೆಡಿಟರೇನಿಯನ್ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ವಾಯುಭಾರ ಕುಸಿತಗಳು. ಆ ಸಲ ಡಿಸೆಂಬರ್, ಜನವರಿಯಲ್ಲಿ ಜೋರಾದವು ಬರಲೇ ಇಲ್ಲ. ಮೋಡವಿಲ್ಲದ್ದರಿಂದ ಹಗಲು ಬಿಸಿಲು ನೇರ ನೆಲಕ್ಕೆ ಬೀಳುತ್ತಿತ್ತು. ಸ್ವೆಟರ್ ಕಳಚಿ ಸೊಂಟಕ್ಕೆ ಕಟ್ಟಿಕೊಂಡು ನಡೆದೆವು. ಅದೇ ಕಾರಣಕ್ಕೆ ರಾತ್ರಿ ನೆಲದ ಬಿಸಿಯೆಲ್ಲ ತಡೆಯಿಲ್ಲದೆ ಆಕಾಶಕ್ಕೆ ಹಾರಿಹೋಗುತ್ತಿತ್ತು. ಟೆಂಟಿನೊಳಗಿನ ಬಾಟಲಿಯಲ್ಲಿ ನೀರು ಗಟ್ಟಿಯಾಗುತ್ತಿತ್ತು. ಬೆಚ್ಚಗಿನ ಚಳಿಗಾಲವೆಂದು ಪತ್ರಿಕೆಯಲ್ಲಿ ಓದಿ ತೆಳ್ಳಗಿನ ಮಲಗುಚೀಲ ತಂದಿದ್ದವರು ರಾತ್ರಿಯಿಡೀ ಹಲ್ಲು ಕಡಿದುಕೊಂಡು ಕುಳಿತಿದ್ದರು.

ಈ ಹಗಲು–ರಾತ್ರಿಯ ಅಂತರ ಕಾಲಡಿಯ ಮಣ್ಣಿನಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಆ ಒಂದು ನೋಟಕ್ಕಾಗಿಯೇ ಮತ್ತೆ ಹೋಗಬಹುದು. ದಾರಿಯಲ್ಲಿನ ಜುಡಾ ಕಾ ತಾಲಾಬ್ ಎಂಬ ಕೆರೆಯ ಬಳಿ ಬೆಳಗ್ಗೆ ಎದ್ದು ಹೊರಗೆ ಕಾಲಿಟ್ಟರೆ ನೆಲ ಕರಕರ ಎನ್ನುತ್ತಿತ್ತು. ಬಗ್ಗಿ ನೋಡಿದರೆ ಮಣ್ಣಿನ ತೆಳು ಪದರವೊಂದು ಬೆರಳುದ್ದ ಮೇಲೆದ್ದು ನಿಂತಿದೆ. ಅದರ ಕೆಳಗೆ ಕೂದಲಿನಷ್ಟು ಸಣ್ಣ, ಒತ್ತೊತ್ತಾಗಿ ನೆಟ್ಟಗೆ ನಿಂತ ಮಂಜುಗಡ್ಡೆಯ ಕಡ್ಡಿಗಳು. ಹಸಿ ಮಣ್ಣಿನ ನೀರು ರಾತ್ರಿ ಮೇಲೇರುತ್ತ, ಗಟ್ಟಿಯಾಗುತ್ತ, ತಲೆಯ ಮೇಲಿನ ಕಲ್ಲು, ಒಣಗಿದೆಲೆಗಳನ್ನೂ ಹೊತ್ತುಕೊಂಡು ಬೆಳೆದಿತ್ತು. ದಪ್ಪ ಹಿಮ ಹೊದ್ದ ನೆಲ ಹೀಗೆ ಹೆಪ್ಪುಗಟ್ಟುವುದಿಲ್ಲ, ಹಿಮವೇ ಅದನ್ನು ಕಾಯುತ್ತದೆ. ಬಿಸಿಲೇರುತ್ತಿದ್ದಂತೆ ಕಡ್ಡಿಗಳೆಲ್ಲ ಕರಗಿ, ಅದೇ ದಾರಿ ಜಾರುವ ಕೆಸರಾಯಿತು. ಹುಡುಗಿ ಅಂದು ಹಿಮ ಕೇಳುವುದನ್ನು ಬಿಟ್ಟು ಮಣ್ಣು ನೋಡುತ್ತ ಕುಳಿತಳು.

ನೆರಳಿನ ಜಾಗಗಳೇ ಅಪಾಯದವು. ಬಂಡೆಯ ಮೇಲೆ ಝರಿ ಹರಿದು ಗಾಜಿನಂತೆ ಗಟ್ಟಿಯಾಗಿರುತ್ತದೆ, ಕಣ್ಣಿಗೆ ಒದ್ದೆ ಕಲ್ಲಿನಂತೆ ಕಾಣುತ್ತದೆ. ಹಿಮದಲ್ಲಿ ಬಿದ್ದರೆ ಮೆತ್ತಗೆ ಬೀಳುತ್ತೀರಿ, ಇಲ್ಲಿ ಬಿದ್ದರೆ ಮಣಿಕಟ್ಟು ಮುರಿಯುತ್ತದೆ. ಶೂಗೆ ಕಟ್ಟುವ ಮುಳ್ಳಿನ ಸರಪಳಿಯನ್ನು ಹಾಕಿಕೊಂಡೇ ನಡೆಯುವಂತಿಲ್ಲ, ಬರಿಗಲ್ಲಿನ ಮೇಲೆ ಅದೇ ಜಾರಿಸುತ್ತದೆ. ಆದ್ದರಿಂದ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. "ದೀದಿ, ಬೇಸರ ಮಾಡಿಕೊಳ್ಳಬೇಡಿ, ಕೂತು ಕಟ್ಟಿ" ಎಂದು ನಮ್ಮ ಗೈಡ್ ಪ್ರತಿ ಬಾರಿಯೂ ಕಾಯುತ್ತಿದ್ದ.

ತುದಿ ಸುಮಾರು 3,800 ಮೀಟರ್. ಹಿಮವಿದ್ದಾಗ ನಡುರಾತ್ರಿ ಕಳೆದ ಕೂಡಲೇ ಹೊರಡುವುದು ಬಿಸಿಲಿಗೆ ಹಿಮ ಮೆತ್ತಗಾಗುವ ಮೊದಲು ಇಳಿಯಲಿಕ್ಕಾಗಿ. ಆ ಅವಸರವಿಲ್ಲದ್ದರಿಂದ ಬೆಳಕು ಹರಿದ ಮೇಲೆ ನಿಧಾನ ಹತ್ತಿದೆವು. ಮೇಲೆ ಸ್ವರ್ಗಾರೋಹಿಣಿ, ಬಂದರ್‌ಪೂಂಛ್, ಕಾಲಾನಾಗ್ ಮೂರೂ ಶಿಖರಗಳು ಕಲೆಯಿಲ್ಲದ ನೀಲಿಯ ಎದುರು ನಿಂತಿದ್ದವು. ಅಂಥ ನೋಟ ಮೋಡದ ಜನವರಿಯಲ್ಲಿ ಸಿಗುವುದು ಕಷ್ಟ. ಆದರೆ ಅವುಗಳ ಕೆಳಗಿನ ಗುಡ್ಡಗಳೆಲ್ಲ ಬೋಳು. ನೋಡುತ್ತ ನಿಂತವಳಿಗೆ ಹೊಟ್ಟೆಯಲ್ಲಿ ಸಂಕಟವಾಯಿತು ಎಂದರೆ ಅದು ಅಲಂಕಾರದ ಮಾತಲ್ಲ.

ಏಕೆಂದರೆ ಹಿಂದಿನ ರಾತ್ರಿಗಳಲ್ಲೊಂದು ಸಾಂಕ್ರಿಯ ಮನೆಯೊಂದರಲ್ಲಿ ಕಳೆದಿತ್ತು. ಮನೆಯಾಕೆ ರಾಜ್ಮಾ ಬಡಿಸುತ್ತ ಹೇಳಿದ್ದು ಸೇಬಿನ ಮಾತು. ಸೇಬಿನ ಹಳೆಯ ತಳಿಗಳಿಗೆ ಚೆನ್ನಾಗಿ ಹೂ ಬಿಡಲು 7 ಡಿಗ್ರಿಗಿಂತ ಕೆಳಗಿನ ಚಳಿ ಸಾವಿರ ಗಂಟೆಗೂ ಹೆಚ್ಚು ಸಿಗಬೇಕು. ಹಿಮ ಬಿದ್ದರೆ ಮೆಲ್ಲಗೆ ಕರಗಿ ಬೇರಿಗೆ ಇಳಿಯುತ್ತದೆ, ಬೇಸಿಗೆಯ ಝರಿಗಳಿಗೂ ಅದೇ ಆಧಾರ. ನಾನು ಶಿರಸಿ ಸೀಮೆಯವಳು. ಚಳಿ ಸರಿಯಾಗಿ ಬೀಳದ ವರ್ಷ ಮಾವಿನ ಮರ ಹೂ ಬಿಡದೆ ಬರಿ ಚಿಗುರು ತೋರಿಸುವುದನ್ನು ನೋಡಿ ಬೆಳೆದವಳು. ಆಕೆಯ ಹಿಂದಿ ನನಗೆ ಅರ್ಧವೇ ತಿಳಿದರೂ ಆತಂಕ ಪೂರ್ತಿ ತಿಳಿಯಿತು. ನಾವು ಆಟವಾಡಲು ಹಿಮ ಕೇಳುತ್ತೇವೆ, ಆಕೆ ಮುಂದಿನ ವರ್ಷದ ಮಕ್ಕಳ ಶುಲ್ಕಕ್ಕೆ ಕೇಳುತ್ತಾಳೆ. ಹಿಮ ಬಂದದ್ದು ಜನವರಿಯ ಕೊನೆಗೆ, ನಾವು ಊರು ಸೇರಿದ ಮೇಲೆ.

ಇನ್ನೊಂದು ವಿಷಯ ಹೇಳಲೇಬೇಕು. ಕ್ಯಾಂಪಿನಲ್ಲಿ ಕೆಲವರು ಬೆಂಕಿ ಹಾಕಿ ಹಾಡಬೇಕೆಂದು ಹಟ ಹಿಡಿದರು. ಸುತ್ತ ಪೈನ್ ಸೂಜಿಗಳು, ಓಕ್ ಎಲೆಗಳು ಕಾಲಿಟ್ಟರೆ ಪುಡಿಯಾಗುವಷ್ಟು ಒಣಗಿದ್ದವು. ಗೈಡ್ ಜಗ್ಗಲಿಲ್ಲ, ಇದು ಗೋವಿಂದ ಅಭಯಾರಣ್ಯದ ಕಾಡು, ಒಂದು ಕಿಡಿ ಸಾಕು ಎಂದ. ಅದೇ ವರ್ಷದ ಏಪ್ರಿಲ್‌ನಲ್ಲಿ ಉತ್ತರಾಖಂಡದ ಪೂರ್ವಕ್ಕಿರುವ ಕುಮಾವ್ ಕಡೆ ಕಾಡು ಹೊತ್ತಿ, ವಾಯುಪಡೆಯ ಹೆಲಿಕಾಪ್ಟರ್ ಭೀಮತಾಲ್ ಕೆರೆಯಿಂದ ನೀರು ಎತ್ತಿ ಸುರಿಯುವ ಚಿತ್ರ ಪತ್ರಿಕೆಯಲ್ಲಿ ಬಂದಾಗ ಅವನ ಮಾತು ನೆನಪಾಯಿತು.

ಆದ್ದರಿಂದ ಒಣ ಚಳಿಗಾಲದಲ್ಲಿ ಹೊರಡುವವರು ಬುಕ್ ಮಾಡುವಾಗ "ಹಿಮ ಗ್ಯಾರಂಟಿಯೇ?" ಎಂದು ಕೇಳಬೇಡಿ. ಕ್ಯಾಂಪಿನಲ್ಲಿ ಬೆಂಕಿ ಹಾಕುತ್ತೀರಾ, ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಿ. ಬೆಂಕಿ ಇದೆ ಎಂದು ಹೆಮ್ಮೆಯಿಂದ ಹೇಳುವವರ ಜೊತೆ ದಯವಿಟ್ಟು ಹೋಗಬೇಡಿ.