ಕೆನ್ನೆ ಮೇಲಿನ ಬೊಟ್ಟು

ಯುಗಾದಿ ಹಿಂದಿನ ಅಮಾವಾಸ್ಯೆ ರಾತ್ರಿ. ಹೊಸದುರ್ಗದ ಹತ್ತಿರ ನಮ್ಮ ತೋಟದ ಮನೆ ಅಂಗಳದಲ್ಲಿ ಎಂಟಿಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಇಟ್ಟುಕೊಂಡು ಕೂತಿದ್ದೆ. ಮೂರು ವರ್ಷದಿಂದ ಎಂ64 ಗ್ಯಾಲಕ್ಸಿಯ ಹಿಂದೆ ಬಿದ್ದಿದ್ದೇನೆ. ಮಸುಕು ಮಸುಕಾಗಿ ಗ್ಯಾಲಕ್ಸಿ ಸಿಗುತ್ತಿತ್ತು, ಅದರ ಮೇಲಿನ ಕಪ್ಪು ಕಲೆ ಮಾತ್ರ ಒಮ್ಮೆಯೂ ಕಂಡಿರಲಿಲ್ಲ.

ಸ್ವಾತಿಗೂ ಉತ್ತರಾ ನಕ್ಷತ್ರಕ್ಕೂ ನಡುವೆ ಕೋಮಾ ಬೆರೆನಿಸಿಸ್ ನಕ್ಷತ್ರಪುಂಜ, ನಮ್ಮ ಕೃಷ್ಣವೇಣಿ. ಅಲ್ಲೇ ಇದೆ ಇದು. ಹತ್ತೂವರೆಗೆ ಸಿಕ್ಕಿತು. ಅವ್ವ ಸೆರಗು ಹೊದ್ದು ಬಂದು ಐಪೀಸಿಗೆ ಕಣ್ಣಿಟ್ಟಳು.

"ಹತ್ತಿ ಎಳೆ ಇದ್ದಂಗೈತಲ್ಲೋ. ಏನಂತಾರೆ ಇದಕ್ಕೆ?"

"ಕಪ್ಪು ಕಣ್ಣು ಅಂತಾರವ್ವ. ಕೆಟ್ಟ ಕಣ್ಣು ಅಂತಲೂ ಅಂತಾರೆ. ಒಂದು ಕಡೆ ಕಪ್ಪಗಿರುತ್ತೆ."

"ಕೆಟ್ಟ ಕಣ್ಣು ಯಾಕಾಗ್ತೈತೆ? ದೃಷ್ಟಿ ಬೊಟ್ಟಿರಬೇಕು" ಅಂದು ಮಲಗಲು ಹೋದಳು.

ನನಗೆ ನಿದ್ದೆ ಬರುವ ಹಾಗಿರಲಿಲ್ಲ. 1779ರ ಮಾರ್ಚಿನಲ್ಲಿ ಇಂಗ್ಲೆಂಡಿನ ಖಗೋಳಜ್ಞ ಎಡ್ವರ್ಡ್ ಪಿಗಟ್ ಇದನ್ನು ಮೊದಲು ಕಂಡ. ಆ ಕಪ್ಪು ಆಮೇಲೆ ವಿಲಿಯಂ ಹರ್ಷೆಲ್ ಕಣ್ಣಿಗೆ ಬಿತ್ತು. ಅದು ದಟ್ಟ ಧೂಳು. ಗ್ಯಾಲಕ್ಸಿ ನಮ್ಮ ಕಡೆಗೆ ವಾಲಿಕೊಂಡಿರುವುದರಿಂದ ಹತ್ತಿರದ ಮಗ್ಗುಲಿನ ಧೂಳು ನಡುವಿನ ಬೆಳಕಿಗೆ ಅಡ್ಡ ಬರುತ್ತದೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಆ ಧೂಳಿಗಿಂತ 1992ರಲ್ಲಿ ರೇಡಿಯೋ ಟೆಲಿಸ್ಕೋಪ್ ತೋರಿಸಿದ ಸಂಗತಿ. ಹೈಡ್ರೋಜನ್ ಅನಿಲದ ವೇಗ ಅಳೆದಾಗ, ನಡುವಿನಿಂದ ಸುಮಾರು 3,000 ಜ್ಯೋತಿರ್ವರ್ಷದವರೆಗಿನ ಒಳಗಿನ ಅನಿಲ ನಕ್ಷತ್ರಗಳ ಜೊತೆಗೇ ತಿರುಗುತ್ತಿತ್ತು. ಅದರಾಚೆ 40,000 ಜ್ಯೋತಿರ್ವರ್ಷದವರೆಗೆ ಹರಡಿದ ಅನಿಲ ಪೂರಾ ಎದುರು ದಿಕ್ಕಿಗೆ! ಒಂದೇ ಗಡಿಗೆಯಲ್ಲಿ ನಡುವಿನ ಮಜ್ಜಿಗೆ ಬಲಕ್ಕೆ, ಅಂಚಿನದು ಎಡಕ್ಕೆ ಸುತ್ತಿದ ಹಾಗೆ. ಯಾವ ಕಾಲದಲ್ಲೋ ಒಂದು ಸಣ್ಣ ಗ್ಯಾಲಕ್ಸಿಯನ್ನು ನುಂಗಿ, ಅದರ ಅನಿಲ ಹೀಗೆ ಉಳಿದಿರಬೇಕು ಎನ್ನುತ್ತಾರೆ. ಎರಡೂ ಉಜ್ಜಾಡುವ ಕಡೆ ಅನಿಲ ಒತ್ತಿಕೊಂಡು ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ನನ್ನ ಐಪೀಸಿನಲ್ಲಿ ಇದ್ಯಾವುದೂ ಇಲ್ಲ, ಅಲುಗಾಡದ ಒಂದು ಚೂರು ಮಂಜು, ಅಷ್ಟೇ.

ಹನ್ನೆರಡೂವರೆಗೆ ಅದು ನೆತ್ತಿಗೆ ಬಂತು. ಡಾಬ್ಸೋನಿಯನ್ನಿಗೆ ನೆತ್ತಿ ಅಂದರೆ ಕಷ್ಟ, ಸ್ವಲ್ಪ ಸರಿಸಲು ಹೋದರೆ ಎಲ್ಲೋ ಹೋಗಿ ನಿಲ್ಲುತ್ತದೆ. ಪಡುವಣಕ್ಕೆ ವಾಲಲಿ ಎಂದು ಕಾದೆ. ಮೊಬೈಲ್ ಒಳಗಿಟ್ಟೆ, ತಲೆ ಮೇಲೆ ಟವಲ್ ಹೊದ್ದೆ, ಐಪೀಸ್ ಬದಲಿಸಿ ದೊಡ್ಡದು ಮಾಡಿದೆ. ಇಂಥದ್ದನ್ನು ನೆಟ್ಟಗೆ ನೋಡಬಾರದು, ಪಕ್ಕಕ್ಕೆ ದೃಷ್ಟಿ ಇಟ್ಟು ಓರೆಗಣ್ಣಿನಲ್ಲಿ ಹಿಡಿಯಬೇಕು. ಎರಡು ಗಂಟೆ ಹೊತ್ತಿಗೆ ಗಾಳಿ ನಿಂತಿತು. ನಡುವಿನ ಹೊಳಪಿನ ಒಂದು ಪಕ್ಕ ಕಚ್ಚಿ ತೆಗೆದಂತೆ ಕಪ್ಪು. ಹೋಯಿತು. ಮತ್ತೆ ಬಂತು. ಈ ಸಲ ನಿಂತಿತು. 1.7 ಕೋಟಿ ವರ್ಷ ಹಿಂದೆ ಹೊರಟ ಬೆಳಕು, ಅದಕ್ಕೆ ಅಡ್ಡ ನಿಂತ ಧೂಳು. ಉಸಿರು ಬಿಗಿಹಿಡಿದು ನೋಡುತ್ತಲೇ ಇದ್ದೆ.

ನಾಲ್ಕೂವರೆಗೆ ಹಬ್ಬದ ನೀರು ಕಾಯಿಸಲು ಅವ್ವ ಎದ್ದಳು. ಒಲೆಗೆ ತೆಂಗಿನ ಗರಿ ಹಾಕುತ್ತಾ ಕೇಳಿದಳು, "ಕಾಣ್ತೇನೋ ಬೊಟ್ಟು?"

"ಕಾಣ್ತವ್ವ. ನಡುವೆ ಅಲ್ಲ, ಒಂದು ಪಕ್ಕಕ್ಕೈತೆ."

"ದೃಷ್ಟಿ ಬೊಟ್ಟು ಮತ್ತೆಲ್ಲಿಡ್ತಾರೆ? ಕೆನ್ನೆ ಮೇಲೇ ಇಡೋದು" ಅಂದು ಎಣ್ಣೆ ಬಟ್ಟಲು ನನ್ನ ಕೈಗೆ ಕೊಟ್ಟಳು.