ಅಮ್ಮನಿಗೆ ಮಾಡಿದ ಅನುವಾದ

2009ರ ಜುಲೈ. ಮದುವೆಯಾದ ಮೊದಲ ಆಷಾಢವೆಂದು ತಂಗಿ ತವರಿಗೆ ಬಂದಿದ್ದಳು. ಮುಂದಿನ ಬುಧವಾರ ಭೀಮನ ಅಮಾವಾಸ್ಯೆ, ಅಳಿಯ ಅಂದು ಬರುವವನಿದ್ದ. ಊಟವಾದ ಮೇಲೆ ಅಮ್ಮ ಹತ್ತಿಯ ಉಂಡೆ ಮಡಿಲಲ್ಲಿಟ್ಟುಕೊಂಡು ಹೂಬತ್ತಿ ಮಾಡಲು ಕೂರುತ್ತಿದ್ದಳು. ಟಿವಿ ಅದರ ಪಾಡಿಗೆ ಓಡುತ್ತಿತ್ತು.

ಸ್ಟಾರ್ ಪ್ಲಸ್‌ನಲ್ಲಿ ಆ ರಾತ್ರಿ ಹತ್ತೂವರೆಗೆ ‘ಸಚ್ ಕಾ ಸಾಮನಾ’ ಶುರುವಾಯಿತು. ಅಮೆರಿಕದ ಒಂದು ಆಟದ ಹಿಂದಿ ರೂಪ. 21 ಪ್ರಶ್ನೆ, ಎಲ್ಲಕ್ಕೂ ನಿಜ ಹೇಳಿದರೆ ಒಂದು ಕೋಟಿ ರೂಪಾಯಿ. ಇದೂ ‘ಕೌನ್ ಬನೇಗಾ ಕರೋಡ್‌ಪತಿ’ಯಂತೆಯೇ ಇರಬೇಕೆಂದುಕೊಂಡು ನಾವು ಮೂವರೂ ನೆಟ್ಟಗೆ ಕೂತೆವು. ಅಮ್ಮನಿಗೆ ಹಿಂದಿ ಬಾರದು. ದುಭಾಷಿಯ ಕೆಲಸ ಎಂದಿನಂತೆ ನನ್ನದು.

ಸ್ಪರ್ಧಿಯನ್ನು ಮೊದಲೇ ಪಾಲಿಗ್ರಾಫ್ ಎಂಬ ಸುಳ್ಳುಪತ್ತೆ ಯಂತ್ರಕ್ಕೆ ಕೂರಿಸಿ ಪ್ರಶ್ನೆಗಳನ್ನೆಲ್ಲ ಕೇಳಿ ಮುಗಿಸಿರುತ್ತಾರೆ. ವೇದಿಕೆಯ ಮೇಲೆ ಅವೇ ಪ್ರಶ್ನೆಗಳಲ್ಲಿ ಕೆಲವನ್ನು ಮತ್ತೆ ಕೇಳುತ್ತಾರೆ. ವ್ಯತ್ಯಾಸವೆಂದರೆ ಈ ಸಲ ಮನೆಯವರು ಎದುರಿಗೇ ಕೂತಿರುತ್ತಾರೆ. ಹೌದು ಅಥವಾ ಇಲ್ಲ ಎನ್ನಬೇಕು, ಆಮೇಲೆ ಯಂತ್ರ ಏನು ಹೇಳಿತ್ತೆಂಬುದನ್ನು ಒಂದು ದನಿ ಸಾರುತ್ತದೆ. ಅಂದು ಆ ಕುರ್ಚಿಯಲ್ಲಿ ಇದ್ದದ್ದು ನಮ್ಮ ಬೀದಿಯಲ್ಲಿ ತರಕಾರಿ ಕೊಳ್ಳಲು ನಿಂತರೆ ಯಾರೂ ತಿರುಗಿ ನೋಡದಂಥ ಒಬ್ಬ ಹೆಂಗಸು.

ಮೊದಲ ಪ್ರಶ್ನೆಗಳನ್ನು ನಾನು ಸರಾಗವಾಗಿಯೇ ಕನ್ನಡಕ್ಕೆ ತಂದೆ. ಆಮೇಲೆ ಆ ಪ್ರಶ್ನೆ ಬಂತು. ಗಂಡನಿಗೆ ಎಂದಿಗೂ ಗೊತ್ತಾಗುವುದಿಲ್ಲ ಎಂದಾದರೆ ನೀವು ಪರಪುರುಷನೊಡನೆ ಮಲಗುತ್ತೀರಾ?

“ಏನು ಕೇಳಿದ?” ಎಂದಳು ಅಮ್ಮ.

ಹಿಂದಿಯಲ್ಲಿ ಕಿವಿಯ ಪಕ್ಕದಿಂದ ಜಾರಿಹೋದ ಮಾತು ಕನ್ನಡದಲ್ಲಿ ನನ್ನ ಗಂಟಲಿಗೇ ಬಂದು ಕೂತಿತು. ಒಂದು ಕಡೆ ಅಮ್ಮ, ಇನ್ನೊಂದು ಕಡೆ ಹಸಿರು ಬಳೆ ಇನ್ನೂ ಮಾಸದ ತಂಗಿ. “ಗಂಡನಿಗೆ ಹೇಳದೆ ಎಲ್ಲಿಗಾದರೂ ಹೋಗುತ್ತೀರಾ ಅಂತ ಕೇಳಿದ,” ಎಂದೆ.

“ಅಷ್ಟಕ್ಕೇ ಆ ಗಂಡಸಿನ ಮುಖ ಯಾಕೆ ಹಾಗಾಯಿತು?”

ಕ್ಯಾಮೆರಾ ಅವನ ಮುಖವನ್ನು ಬಿಟ್ಟು ಅಲುಗುತ್ತಿರಲಿಲ್ಲ. ಆಕೆ ‘ಇಲ್ಲ’ ಎಂದಳು. ಸಂಗೀತ ನಿಂತಿತು. ಮೂರು ನಾಲ್ಕು ಸೆಕೆಂಡು ಇರಬಹುದು, ಅಷ್ಟರಲ್ಲಿ ನನಗೆ ಗೊತ್ತಿಲ್ಲದೆಯೇ ನಾನು ಸೋಫಾದ ಅಂಚಿಗೆ ಬಂದಿದ್ದೆ. ಅವಳು ಗೆಲ್ಲಲಿ ಎಂದಲ್ಲ. ಯಂತ್ರ ಸುಳ್ಳು ಎನ್ನಲಿ ಎಂದು. ಎನ್ನದಿದ್ದರೆ ಅಷ್ಟು ಹೊತ್ತು ಕೂತದ್ದಕ್ಕೆ ಏನೋ ಮೋಸವಾದಂತೆ.

ಯಂತ್ರ ಸುಳ್ಳು ಎಂದಿತು. ಆಟ ಮುಗಿಯಿತು.

ತಂಗಿ ರಿಮೋಟನ್ನು ಕೈಯಿಂದ ಕೈಗೆ ಬದಲಿಸುತ್ತಿದ್ದಳು, ಚಾನೆಲ್ ಬದಲಿಸಲಿಲ್ಲ. ಅಮ್ಮ ಬತ್ತಿಗಳನ್ನು ಎಣಿಸಿ ಡಬ್ಬಿಗೆ ಹಾಕಿದಳು. “ಧರ್ಮಸ್ಥಳಕ್ಕೆ ತಪ್ಪುಕಾಣಿಕೆ ಹಾಕುತ್ತೇವಲ್ಲ, ಆ ಹುಂಡಿ ಕೂಡ ಏನು ತಪ್ಪು ಎಂದು ಕೇಳುವುದಿಲ್ಲ ಕಣೋ,” ಎಂದು ಎದ್ದು ಒಳಗೆ ಹೋದಳು. ನನ್ನ ಅನುವಾದವನ್ನು ಅವಳು ಒಂದು ಕ್ಷಣವೂ ನಂಬಿರಲಿಲ್ಲ.

ಮುಂದಿನ ವಾರ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅದೇ. ರಾಜ್ಯಸಭೆಯಲ್ಲಿ ಗದ್ದಲವಾಯಿತು, ಸರ್ಕಾರ ವಾಹಿನಿಗೆ ನೋಟಿಸ್ ಕೊಟ್ಟಿತು, ದೆಹಲಿ ಹೈಕೋರ್ಟ್ ಇಷ್ಟವಿಲ್ಲದವರು ಟಿವಿ ಆರಿಸಬಹುದಲ್ಲ ಎಂದಿತು. ಸಂಸ್ಕೃತಿ ಹಾಳಾಯಿತು ಎಂದು ಗಟ್ಟಿಯಾಗಿ ಕೂಗಿದ ನನ್ನ ಸಹೋದ್ಯೋಗಿ ಒಂದು ಕಂತನ್ನೂ ತಪ್ಪಿಸಿರಲಿಲ್ಲ. ನನಗೆ ಸಂಸ್ಕೃತಿಯ ಚಿಂತೆಯಿರಲಿಲ್ಲ. ಆ ಯಂತ್ರದ ಬಗ್ಗೆ ಯೋಚನೆ ಹತ್ತಿತ್ತು. ಅದು ಅಳೆಯುವುದು ನಾಡಿ, ರಕ್ತದೊತ್ತಡ, ಉಸಿರು, ಬೆವರು, ಇಷ್ಟೇ. ಇಂಥ ಪ್ರಶ್ನೆ ಕೇಳಿದರೆ ನಾಚಿಕೆಗೂ ಎದೆ ಹೊಡೆದುಕೊಳ್ಳುತ್ತದೆ, ಸಿಟ್ಟಿಗೂ ಹೊಡೆದುಕೊಳ್ಳುತ್ತದೆ. ಅಂದು ನನ್ನ ಬೆರಳಿಗೆ ತಂತಿ ಸುತ್ತಿದ್ದರೆ, ಬರೀ ಪ್ರಶ್ನೆಯನ್ನು ಅನುವಾದಿಸಿದ್ದಕ್ಕೇ ನಾನು ಸುಳ್ಳುಗಾರನಾಗುತ್ತಿದ್ದೆ. ಆಗಿದ್ದೆ ಕೂಡ, ಅದು ಬೇರೆ ಮಾತು.

ಮರುವರ್ಷ ಮೇ ತಿಂಗಳಲ್ಲಿ ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’ ಪ್ರಕರಣದ ತೀರ್ಪು ಬಂತು. ಒಪ್ಪಿಗೆಯಿಲ್ಲದೆ ಯಾರನ್ನೂ ಪಾಲಿಗ್ರಾಫ್‌ಗೆ ಒಳಪಡಿಸುವಂತಿಲ್ಲ, ಒಪ್ಪಿ ಕೂತರೂ ಅದರ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ ಎಂದಿತು ಸುಪ್ರೀಂ ಕೋರ್ಟ್. ಪತ್ರಿಕೆಯಲ್ಲಿ ಅದನ್ನು ಓದುವಾಗ ನನ್ನ ಕಣ್ಣಿಗೆ ಬಂದದ್ದು ಯಾವ ಆರೋಪಿಯೂ ಅಲ್ಲ, ಟಿವಿಯಲ್ಲಿ ಕಂಡ ಆಕೆಯ ಗಂಡ. ಕೊಲೆ ಆರೋಪಿಯ ಮೇಲೆ ನಿಲ್ಲದ ಸಾಕ್ಷ್ಯವನ್ನು ಅವನು ಮನೆಗೆ ಹೊತ್ತುಕೊಂಡು ಹೋಗಿದ್ದ. ಹಾಗಂತ ಆಕೆ ಅಮಾಯಕಳು ಎನ್ನುವುದೂ ನನಗೆ ಸರಿಕಾಣುವುದಿಲ್ಲ. ತಿಳಿದೇ ಕೂತವಳು, ಹಣವೂ ಸಣ್ಣದಲ್ಲ. ಆದರೆ ಆ ಪ್ರಶ್ನೆ ಆಕೆ ಮಾಡಿದ ಕೆಲಸದ ಬಗ್ಗೆ ಕೇಳುವಂಥದ್ದೂ ಆಗಿರಲಿಲ್ಲ. ಮಾಡಬಹುದೇ ಎಂದಷ್ಟೇ ಕೇಳಿದ್ದು. ಹಾಗೆ ಕೇಳುತ್ತಾ ಹೋದರೆ ಯಾರ ಮನೆಯಲ್ಲಿ ಒಲೆ ಹತ್ತುತ್ತದೆ?

ಅಮ್ಮನೂ ಅದನ್ನೇ ಕೇಳಿದಳು, ಆಟ ನೋಡಿದ ಆ ರಾತ್ರಿಯೇ, ದೀಪ ಆರಿಸಿದ ಮೇಲೆ. “ಆ ಹುಡುಗಿ ಮನೆಗೆ ಹೋದ ಮೇಲೆ ಅವನಿಗೆ ಊಟಕ್ಕೆ ಬಡಿಸಿದಳೋ ಇಲ್ಲವೋ?” ನಾನು ನಿದ್ದೆ ಬಂದವನಂತೆ ಸುಮ್ಮನಿದ್ದೆ.

ಮರುದಿನ ರಾತ್ರಿ ಅಮ್ಮ ಬೇಗ ಮಲಗಿದಳು. ಹತ್ತೂವರೆಗೆ ಐದು ನಿಮಿಷ ಇರುವಾಗ, ನೀರು ಕುಡಿಯುವ ನೆಪದಲ್ಲಿ ಹಜಾರಕ್ಕೆ ಬಂದೆ. ಕತ್ತಲೆಯಲ್ಲಿ ಟಿವಿ ನೀಲಿಯಾಗಿ ಉರಿಯುತ್ತಿತ್ತು. ಸದ್ದನ್ನು ಪೂರ್ತಿ ಅಡಗಿಸಿ, ಮೊಣಕಾಲು ತಬ್ಬಿಕೊಂಡು ತಂಗಿ ಆಗಲೇ ಕೂತಿದ್ದಳು. ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು.