ಮೈಸೂರಿನಲ್ಲಿ ಫ್ರೀಲಾನ್ಸ್ ವೆಬ್ ಡಿಸೈನ್: ಕೋಡ್ ಬರೆಯುವ ಮೊದಲು ಮುಗಿಸಬೇಕಾದ ಕೆಲಸ

ಮೈಸೂರು, ಮಂಡ್ಯದ ಕಡೆ ಒಬ್ಬರೇ ಕೂತು ವೆಬ್‌ಸೈಟ್ ಮಾಡಿಕೊಡುವವರ ಹತ್ತಿರ ಬರುವ ಗಿರಾಕಿಗಳು ಹೆಚ್ಚಾಗಿ ಇಂಥವರು: ಕಲ್ಯಾಣ ಮಂಟಪದವರು, ಹೋಂಸ್ಟೇ ನಡೆಸುವವರು, ಸೀರೆ ಅಂಗಡಿಯವರು, ಗೋಕುಲಂನ ಯೋಗ ಶಾಲೆಗಳು, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗ ಮಾಡುವವರು, ಅಗರಬತ್ತಿ ಮತ್ತು ಬೆಲ್ಲದ ವ್ಯಾಪಾರಿಗಳು. ಬಹುತೇಕ ಎಲ್ಲರಿಗೂ ಬೇಕಾದದ್ದು ಐದಾರು ಪುಟದ ಸೈಟ್. ಲೆಕ್ಕಕ್ಕೆ ಅದು ಮೂರು ವಾರದ ಕೆಲಸ. ಆದರೂ ಆರು ತಿಂಗಳು ಎಳೆಯುವ ಸೈಟ್‌ಗಳು ಬೇಕಾದಷ್ಟಿವೆ, ಕಾರಣ ಬಹಳ ಸಲ ಒಂದೇ. ಮ್ಯಾಟರ್, ಅಂದರೆ ಪುಟಗಳಲ್ಲಿ ಹಾಕಬೇಕಾದ ಬರಹ, ಬಂದಿರುವುದಿಲ್ಲ.

"ಸರ್, ನೀವು ಡಿಸೈನ್ ಶುರು ಮಾಡಿರಿ, ಫೋಟೋ, ಮ್ಯಾಟರ್ ಎಲ್ಲಾ ಆಮೇಲೆ ಕಳಿಸ್ತೀನಿ" ಎಂಬ ಮಾತಿಗೆ ಒಪ್ಪಿಕೊಂಡರೆ ಕೆಲಸ ಅಲ್ಲೇ ಕೆಡುತ್ತದೆ. ಡಿಸೈನರ್ ಲೋರೆಮ್ ಇಪ್ಸಂ ಎಂಬ ಅರ್ಥವಿಲ್ಲದ ಮಾದರಿ ಬರಹ ತುಂಬಿ ಒಂದೇ ಅಳತೆಯ ಮೂರು ಪೆಟ್ಟಿಗೆ ಜೋಡಿಸಿರುತ್ತಾರೆ. ನಿಜವಾದ ಮ್ಯಾಟರ್ ಬಂದಾಗ ಒಂದು ಪೆಟ್ಟಿಗೆಗೆ ಹದಿನಾಲ್ಕು ಸಾಲು, ಪಕ್ಕದ್ದಕ್ಕೆ ಅರ್ಧ ಸಾಲು. ಬ್ಯಾನರ್‌ಗೆ ಅಡ್ಡ ಫೋಟೋ ಬೇಕಿತ್ತು, ಬಂದದ್ದೆಲ್ಲ ಮೊಬೈಲ್ ಉದ್ದಕ್ಕೆ ಹಿಡಿದು ತೆಗೆದದ್ದು. ಒಪ್ಪಿಗೆಯಾದ ಡಿಸೈನನ್ನೇ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ, ಅದಕ್ಕೆ ಯಾರೂ ಹಣ ಕೊಡುವುದಿಲ್ಲ.

ಗಿರಾಕಿಗೆ ಖಾಲಿ ವರ್ಡ್ ಫೈಲ್ ಕಳಿಸಿ ತುಂಬಿಕೊಡಿ ಎಂದರೆ ಅದು ವಾಪಸ್ ಬರುವುದಿಲ್ಲ. ಎರಡು ಗಂಟೆ ಎದುರು ಕೂತು ಬರೆದುಕೊಳ್ಳುವುದೇ ಸರಿಯಾದ ದಾರಿ. ಕೇಳಬೇಕಾದ ಪ್ರಶ್ನೆ "ನಿಮ್ಮ ಬಗ್ಗೆ ಹೇಳಿ" ಎಂಬುದಲ್ಲ, ಅದಕ್ಕೆ "ನಾವು ಗುಣಮಟ್ಟದ ಸೇವೆ ಕೊಡುತ್ತೇವೆ" ಎಂಬ ಉತ್ತರವೇ ಬರುತ್ತದೆ. "ಜನ ಫೋನ್ ಮಾಡಿ ಏನೇನು ಕೇಳ್ತಾರೆ?" ಎಂದು ಕೇಳಿ. ಕಲ್ಯಾಣ ಮಂಟಪವಾದರೆ ಉತ್ತರ ತಾನಾಗಿಯೇ ಬರುತ್ತದೆ: ಸಭಾಂಗಣದಲ್ಲಿ ಎಷ್ಟು ಕುರ್ಚಿ, ಊಟದ ಹಾಲ್‌ನಲ್ಲಿ ಒಂದು ಪಂಕ್ತಿಗೆ ಎಷ್ಟು ಜನ, ವಧು ವರರ ಕೋಣೆ ಬಿಟ್ಟು ಬೇರೆ ಕೋಣೆ ಎಷ್ಟು, ಹಿಂದಿನ ದಿನ ಎಷ್ಟು ಗಂಟೆಗೆ ಬೀಗದ ಕೈ ಸಿಗುತ್ತದೆ, ಪಾತ್ರೆ ಅಲ್ಲೇ ಇದೆಯೇ, ಅಡುಗೆಯವರನ್ನು ನಾವೇ ಕರೆತರಬಹುದೇ, ಮಾಂಸಾಹಾರಕ್ಕೆ ಅವಕಾಶವಿದೆಯೇ, ಜನರೇಟರ್ ಡೀಸೆಲ್ ಯಾರದು, ಕಾರು ಎಷ್ಟು ನಿಲ್ಲುತ್ತವೆ, ಬಸ್‌ಸ್ಟ್ಯಾಂಡಿನಿಂದ ಎಷ್ಟು ದೂರ. ಸೈಟ್‌ನ ಮುಖ್ಯ ಪುಟಗಳು ಇಲ್ಲೇ ಸಿದ್ಧವಾದವು. ಬಿಡಿಭಾಗದ ಕಾರ್ಖಾನೆಯಾದರೆ ಯಂತ್ರಗಳ ಪಟ್ಟಿ, ಹಿಡಿಯಬಲ್ಲ ಗರಿಷ್ಠ ಅಳತೆ, ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ಹೆಚ್ಚುಕಡಿಮೆ) ಎಷ್ಟು ಮೈಕ್ರಾನ್, ಯಾವ ಲೋಹ ಎಂಬುದನ್ನು ಬರೆದುಕೊಳ್ಳಬೇಕು. ಖರೀದಿ ವಿಭಾಗದವರು ಹುಡುಕಿಕೊಂಡು ಬರುವುದು ಇವನ್ನೇ, ಮಾಲೀಕರ ಸಂದೇಶವನ್ನಲ್ಲ.

ಫೋಟೋಗಳನ್ನು ವಾಟ್ಸ್ಆ್ಯಪ್‌ನಲ್ಲಿ ಸುಮ್ಮನೆ ಕಳಿಸಿದರೆ ಅವು ಕುಗ್ಗಿ ಬರುತ್ತವೆ. 'ಡಾಕ್ಯುಮೆಂಟ್' ಆಯ್ಕೆಯಲ್ಲಿ ಕಳಿಸಲು ಹೇಳಿ, ಇಲ್ಲವೇ ಡ್ರೈವ್ ಫೋಲ್ಡರ್ ಕೊಡಿ. ಬಂದ ಮೂಲ ಫೋಟೋವನ್ನು ಹಾಗೇ ಸೈಟಿಗೆ ಏರಿಸಬಾರದು. 4–5 ಎಂಬಿ ಚಿತ್ರವನ್ನು 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರ ಮಾದರಿಗೆ ಬದಲಿಸಿದರೆ ಸಾಮಾನ್ಯವಾಗಿ 150–250 ಕೆಬಿಯೊಳಗೆ ಬರುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎಂಬುದು ಗೂಗಲ್‌ನ ಅಳತೆ. ಬ್ಯಾನರ್‌ನಲ್ಲಿ ಓಡುವ ಐದು ಸ್ಲೈಡ್ ಇದ್ದರೆ ಅದನ್ನು ಮುಟ್ಟುವುದು ಕಷ್ಟ. ಒಂದೇ ಒಳ್ಳೆಯ ಫೋಟೋ ಸಾಕು.

ಇನ್ನೊಂದು ಎಚ್ಚರ. ಮಂಟಪದವರು "ನಮ್ಮಲ್ಲಿ ಆದ ಮದುವೆಗಳ ಫೋಟೋ ಇವೆ, ಹಾಕಿ" ಎನ್ನುತ್ತಾರೆ. ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದು, ಅಂದರೆ ಆ ಮದುವೆ ಮನೆಯವರದು. ಅವರ ಒಪ್ಪಿಗೆಯಿಲ್ಲದೆ ಹಾಕಬೇಡಿ. ಅಲಂಕಾರ ಮಾಡಿದ ಖಾಲಿ ಸಭಾಂಗಣದ ಫೋಟೋ ತೆಗೆಸುವುದು ಎಲ್ಲರಿಗೂ ಕ್ಷೇಮ.

ಕನ್ನಡದ ಮ್ಯಾಟರ್ ಬೇರೆಯದೇ ಅಧ್ಯಾಯ, ಮತ್ತು ನಮ್ಮ ಕಡೆಯ ಡಿಸೈನರ್ ನಿಜವಾಗಿ ಹೆಸರು ಗಳಿಸಬಹುದಾದ ಜಾಗ ಇದೇ. ಪ್ರಿಂಟಿಂಗ್ ಪ್ರೆಸ್‌ನಿಂದ ಬರುವ ಪಾಂಪ್ಲೆಟ್, ಫ್ಲೆಕ್ಸ್ ಫೈಲುಗಳು ಸಾಮಾನ್ಯವಾಗಿ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿರುತ್ತವೆ, ಎಲ್ಲ ಸಾಧನಗಳೂ ಓದಬಲ್ಲ ಯೂನಿಕೋಡ್ ಸಂಕೇತದಲ್ಲಿ ಅಲ್ಲ. ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದ ಮೇಲೂ ಪ್ರತಿ ಸಾಲು ಓದಲೇಬೇಕು. ಕೆಡುವ ಜಾಗಗಳು ಗೊತ್ತಿರುವಂಥವು: ಅರ್ಕಾವತ್ತು, ಎರಡು ಒತ್ತು ಒಟ್ಟಿಗಿರುವ ಅಕ್ಷರ, ದೀರ್ಘ, ಉದ್ಧರಣ ಚಿಹ್ನೆ, ರೂಪಾಯಿ ಚಿಹ್ನೆ. ಪಾಂಪ್ಲೆಟ್ಟನ್ನು ಚಿತ್ರವಾಗಿಯೇ ಪುಟಕ್ಕೆ ಅಂಟಿಸುವ ಅಭ್ಯಾಸ ಬಿಡಬೇಕು. ಆ ಅಕ್ಷರಗಳನ್ನು ಹುಡುಕಾಟದಲ್ಲಿ ನೆಚ್ಚಿಕೊಳ್ಳಲಾಗದು, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದದು, ಮೊಬೈಲ್‌ನಲ್ಲಿ ದೊಡ್ಡದು ಮಾಡಿದರೆ ಮಸುಕು.

ಇಂಗ್ಲಿಷ್‌ಗೆಂದು ಮಾಡಿದ ಥೀಮ್‌ಗಳಲ್ಲಿ ಶೀರ್ಷಿಕೆಯ ಲೈನ್‌ಹೈಟ್ (ಅಕ್ಷರ ಗಾತ್ರಕ್ಕೆ ಹೋಲಿಸಿದ ಸಾಲಿನ ಎತ್ತರ) ಹೆಚ್ಚಾಗಿ 1.2ರ ಸುತ್ತ ಇರುತ್ತದೆ. 'ರಾಷ್ಟ್ರೀಯ', 'ವಸ್ತ್ರಾಲಯ' ಎಂದು ಎರಡು ಸಾಲು ಬಂದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಶೀರ್ಷಿಕೆಗೆ 1.4–1.5, ಒಳಬರಹಕ್ಕೆ 1.7, ಅಕ್ಷರ ಗಾತ್ರ 17–18 ಪಿಕ್ಸೆಲ್ ಇಟ್ಟರೆ ನೆಮ್ಮದಿಯಾಗಿ ಓದಬಹುದು. ಲೆಟರ್‌ಸ್ಪೇಸಿಂಗ್, ಅಂದರೆ ಅಕ್ಷರಗಳ ನಡುವಿನ ಹೆಚ್ಚುವರಿ ಜಾಗ, ಸೊನ್ನೆಯೇ ಇರಲಿ. ಬಟನ್‌ಗೆ ಎತ್ತರ ನಿಗದಿ ಮಾಡಬೇಡಿ, ಮೇಲೆ ಕೆಳಗೆ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಕೊಡಿ, ಇಲ್ಲದಿದ್ದರೆ 'ಸಂಪರ್ಕಿಸಿ'ಯ ಮೇಲೋ ಕೆಳಗೋ ಕತ್ತರಿ ಬೀಳುತ್ತದೆ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2 ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಒತ್ತಕ್ಷರ, ಸಂಯುಕ್ತಾಕ್ಷರಗಳ ಆಕಾರಗಳೆಲ್ಲ ಒಳಗೆ ಇರಬೇಕಾದ್ದರಿಂದ ಕನ್ನಡ ಫಾಂಟ್ ಫೈಲ್ ಇಂಗ್ಲಿಷಿನದಕ್ಕಿಂತ ಭಾರ. ಆದ್ದರಿಂದ ರೆಗ್ಯುಲರ್ ಮತ್ತು ಬೋಲ್ಡ್ ಎರಡೇ ತೂಕ (ಅಕ್ಷರದ ದಪ್ಪ) ಸಾಕು. ಆದರೆ ಬೋಲ್ಡನ್ನೇ ಬಿಟ್ಟರೆ ಬ್ರೌಸರ್ ತಾನೇ ದಪ್ಪ ಮಾಡಿ ಒತ್ತುಗಳನ್ನು ಮೆತ್ತಿಬಿಡುತ್ತದೆ. ಫಾಂಟ್ ಫೈಲನ್ನು ನೀವೇ ಕತ್ತರಿಸಿ ಹಗುರ ಮಾಡುವುದಾದರೆ ಅಕ್ಷರಗಳನ್ನು ಜೋಡಿಸುವ ಓಪನ್‌ಟೈಪ್ ನಿಯಮಗಳ ಕೋಷ್ಟಕ ಉಳಿದಿದೆಯೇ ಎಂದು ನೋಡಿ, ಅದು ಹೋದರೆ ಒತ್ತುಗಳೆಲ್ಲ ಬಿಡಿಬಿಡಿಯಾಗುತ್ತವೆ. 'ಸಾಫ್ಟ್‌ವೇರ್' ಥರದ ಪದದಲ್ಲಿ ಅರ್ಧಾಕ್ಷರವನ್ನು ತಡೆದು ನಿಲ್ಲಿಸುವ ಕಾಣದ ಯೂನಿಕೋಡ್ ಅಕ್ಷರವೂ ಫಾಂಟಿನ ವ್ಯಾಪ್ತಿಯೊಳಗೆ ಇರಬೇಕು.

ಇನ್ನು ದರ. ಪಕ್ಕದವರು ಐದು ಸಾವಿರಕ್ಕೆ ಮಾಡಿಕೊಡುತ್ತಾರೆ ಎಂಬ ಮಾತಿಗೆ ಉತ್ತರ ನಿಮ್ಮ ಗಂಟೆಯ ಲೆಕ್ಕದಲ್ಲಿರಬೇಕು. ಉದಾಹರಣೆಗೆ ಮನೆ ಖರ್ಚು ತಿಂಗಳಿಗೆ 30,000. ಇಂಟರ್ನೆಟ್, ಸಾಫ್ಟ್‌ವೇರ್, ಯುಪಿಎಸ್, ಓಡಾಟ, ಜತೆಗೆ 72,000 ರೂಪಾಯಿಯ ಲ್ಯಾಪ್‌ಟಾಪ್ ನಾಲ್ಕು ವರ್ಷಕ್ಕೆ ಸವೆಯುತ್ತದೆಂದು ತಿಂಗಳಿಗೆ 1,500, ಎಲ್ಲ ಸೇರಿ 8,000. ತೆರಿಗೆ ಮತ್ತು ಉಳಿತಾಯಕ್ಕೆ 7,000. ಒಟ್ಟು 45,000. ತಿಂಗಳಿಗೆ 200 ಗಂಟೆ ದುಡಿದರೂ ಫೋನು, ಕೊಟೇಶನ್, ವಸೂಲಿ, ಕಲಿಕೆ ಕಳೆದು ಬಿಲ್ ಮಾಡಬಹುದಾದದ್ದು ಅರ್ಧ ಎಂದಿಟ್ಟುಕೊಳ್ಳಿ. ಗಂಟೆಗೆ 450 ಬಂತು. ಐದು ಪುಟದ ಸೈಟಿಗೆ ಮಾತುಕತೆ 6 ಗಂಟೆ, ಡಿಸೈನ್ 14, ಕಟ್ಟುವುದು 16, ಮ್ಯಾಟರ್ ತುಂಬುವುದು 10, ಪರೀಕ್ಷೆ 6, ಒಪ್ಪಿಸಿ ಕಲಿಸಿಕೊಡುವುದು 4: ಒಟ್ಟು 56 ಗಂಟೆ, 25,200 ರೂಪಾಯಿ. ಕಾಯುವಿಕೆ, ತಿದ್ದುಪಡಿಗೆಂದು ಶೇ 15–20 ಸೇರಿಸಿದರೆ 29,000ದಿಂದ 30,000. ಡೊಮೇನ್, ಹೋಸ್ಟಿಂಗ್ ಬೇರೆ. ಇದಕ್ಕಿಂತ ಕಡಿಮೆಗೆ ಮಾಡುವುದಾದರೆ ಪುಟ ಕಡಿಮೆ ಮಾಡಿ, ದರ ಇಳಿಸಬೇಡಿ.

ಹಣವನ್ನು ಮೂರು ಕಂತು ಮಾಡಿ: ಶುರುವಿಗೆ ಶೇ 40, ಡಿಸೈನ್ ಒಪ್ಪಿಗೆಗೆ ಶೇ 30, ಸೈಟ್ ಲೈವ್ ಮಾಡುವ ಮೊದಲು ಉಳಿದ ಶೇ 30. 'ಲೈವ್ ಆದ ಮೇಲೆ' ಎಂದು ಬರೆದರೆ ಮ್ಯಾಟರ್ ಕೊಡದ ಗಿರಾಕಿಯಿಂದ ಕೊನೆಯ ಕಂತು ಬರುವುದೇ ಇಲ್ಲ. ಅದಕ್ಕೆ ಇನ್ನೊಂದು ಸಾಲು ಸೇರಿಸಿ: ಒಪ್ಪಿಗೆಯಾದ ದಿನದಿಂದ 21 ದಿನದೊಳಗೆ ಮ್ಯಾಟರ್ ಬಾರದಿದ್ದರೆ ಬಾಕಿ ಹಣ ಸಲ್ಲತಕ್ಕದ್ದು. ತಿದ್ದುಪಡಿ ಎರಡು ಸುತ್ತು, ಅದೂ ಒಂದೇ ಪಟ್ಟಿಯಲ್ಲಿ. ರಾತ್ರಿ ಹತ್ತಕ್ಕೆ ಬರುವ ಎಂಟು ವಾಯ್ಸ್ ಮೆಸೇಜನ್ನು ತಿದ್ದುಪಡಿ ಎಂದು ತೆಗೆದುಕೊಂಡರೆ ಎಲ್ಲಿ ಮುಗಿಯಿತು ಎಂಬುದಕ್ಕೆ ದಾಖಲೆ ಇರದು. "ಅಣ್ಣ, ನಾಳೆ ಬೆಳಗ್ಗೆ ಪಟ್ಟಿ ಮಾಡಿ ಕಳಿಸ್ತೀನಿ, ನೋಡಿ ಸರಿ ಅಂತ ಹೇಳಿ" ಎಂದು ನೀವೇ ಬರೆದು ಕಳಿಸಿ ಒಪ್ಪಿಗೆ ಪಡೆಯಿರಿ.

ನಮ್ಮ ಊರಿನ ಪಂಚಾಂಗವೂ ಹಣದ ಹರಿವಿಗೆ ಸೇರಿದ್ದೇ. ಆಷಾಢದಲ್ಲಿ ಹಲವರು ಹೊಸ ಕೆಲಸಕ್ಕೆ ಅಡ್ವಾನ್ಸ್ ಕೊಡುವುದಿಲ್ಲ, ಪಿತೃಪಕ್ಷದಲ್ಲಿ ಲಾಂಚ್ ಮಾಡುವುದಿಲ್ಲ. ಎರಡರ ನಡುವಿನ ಶ್ರಾವಣ, ಭಾದ್ರಪದದ ಮೊದಲರ್ಧದಲ್ಲಿ ಎಲ್ಲರಿಗೂ ಒಟ್ಟಿಗೆ ಬೇಕು. ಜತೆಗೆ ಹೋಂಸ್ಟೇ, ಹೋಟೆಲಿನವರಿಗೆ ದಸರಾಕ್ಕೆ ಮೊದಲೇ ಸೈಟ್ ಬೇಕು. ದಸರಾ ವಾರದಲ್ಲಿ ಲೈವ್ ಆದರೆ ಪ್ರಯೋಜನವಿಲ್ಲ, ಹೊಸ ಸೈಟ್ ಗೂಗಲ್‌ನಲ್ಲಿ ನೆಲೆಯಾಗಲು ವಾರಗಳೇ ಬೇಕು, ಬರುವವರು ಕೋಣೆಯನ್ನು ಮುಂಚೆಯೇ ನೋಡಿಕೊಂಡಿರುತ್ತಾರೆ. ಆದ್ದರಿಂದ ಆಷಾಢಕ್ಕೆ ಮೊದಲು ಒಪ್ಪಂದ ಮತ್ತು ಮೊದಲ ಕಂತು, ಆಷಾಢದಲ್ಲಿ ಮ್ಯಾಟರ್ ಮತ್ತು ಡಿಸೈನ್, ಶ್ರಾವಣದ ಒಳ್ಳೆಯ ದಿನ ಲೈವ್. ಹೀಗೆ ಹೇಳಿದರೆ ಗಿರಾಕಿಗೂ ಮನಸ್ಸಿಗೆ ಬರುತ್ತದೆ.

ಡೊಮೇನ್ ಯಾರ ಹೆಸರಲ್ಲಿ ಎಂಬುದು ಜಗಳದ ದೊಡ್ಡ ಮೂಲ. ಗಿರಾಕಿಯ ಹೆಸರು, ಗಿರಾಕಿಯ ಇಮೇಲ್, ಗಿರಾಕಿಯ ಫೋನ್ ನಂಬರಿನಲ್ಲೇ ನೋಂದಾಯಿಸಿ. ನಿರ್ವಹಣೆಗೆ ಮಾತ್ರ ನಿಮಗೆ ಪ್ರವೇಶ ಇರಲಿ. ನಿಮ್ಮ ಹೆಸರಲ್ಲಿಟ್ಟುಕೊಂಡು ಬಾಕಿ ವಸೂಲಿಗೆ ಬಳಸುವುದು ವ್ಯವಹಾರಕ್ಕೆ ಶೋಭೆಯಲ್ಲ, ನವೀಕರಣ ಮರೆತರೆ ಹೊಣೆಯೂ ನಿಮ್ಮದೇ. ಕೋಡ್‌ನ ವಿಷಯ ಬೇರೆ. ನೌಕರರಲ್ಲದ ಹೊರಗಿನವರು ಬರೆದ ಕೋಡ್‌ನ ಹಕ್ಕು, ಬರಹದಲ್ಲಿ ವರ್ಗಾಯಿಸದ ಹೊರತು, ಬರೆದವರದ್ದು. ವರ್ಗಾವಣೆ ಪತ್ರದಲ್ಲಿ ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದು ಕಾಯ್ದೆ ತಿಳಿಯುತ್ತದೆ. "ಪೂರ್ತಿ ಹಣ ಸಂದ ದಿನ ಹಕ್ಕು ವರ್ಗಾವಣೆ" ಎಂಬ ಒಂದು ಸಾಲು, ಅವಧಿ ಮತ್ತು ಪ್ರದೇಶದ ಜತೆ, ಒಪ್ಪಂದದಲ್ಲಿರಲಿ.

ಗಿರಾಕಿಗೆ ಹಳೆಯ ಸೈಟ್ ಇದ್ದರೆ ಮೊದಲು ಇಮೇಲ್ ಎಲ್ಲಿದೆ ಎಂದು ಕೇಳಿ. ಹೋಸ್ಟಿಂಗ್ ಬದಲಿಸುವಾಗ ನೇಮ್‌ಸರ್ವರನ್ನೇ (ಡೊಮೇನ್‌ನ ವಿಳಾಸ ಪಟ್ಟಿ ಇಟ್ಟಿರುವ ಸರ್ವರ್) ಬದಲಿಸಿದರೆ, ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡ್‌ಗಳು ಹಳೆಯ ಕಡೆಯೇ ಉಳಿದು, ಸೈಟ್ ಚೆನ್ನಾಗಿ ತೆರೆದರೂ ಕಾರ್ಖಾನೆಗೆ ಬರುವ ಆರ್ಡರ್ ಮೇಲ್ ನಿಂತುಹೋಗುತ್ತದೆ. ಯಾರಿಗೂ ತಕ್ಷಣ ತಿಳಿಯುವುದೂ ಇಲ್ಲ. ಹಿಂದಿನ ದಿನವೇ ಡಿಎನ್‌ಎಸ್‌ನ, ಅಂದರೆ ಆ ವಿಳಾಸ ಪಟ್ಟಿಯ, ಎಲ್ಲ ರೆಕಾರ್ಡ್ ಬರೆದಿಟ್ಟುಕೊಳ್ಳಿ, ಟಿಟಿಎಲ್ (ಹಳೆಯ ವಿಳಾಸವನ್ನು ಬೇರೆ ಸರ್ವರ್‌ಗಳು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ, ಸಾಧ್ಯವಾದರೆ ಸೈಟ್ ಇರುವ ಸರ್ವರನ್ನು ತೋರಿಸುವ ಎ ರೆಕಾರ್ಡ್ ಒಂದನ್ನೇ ಬದಲಿಸಿ. ನೇಮ್‌ಸರ್ವರ್ ಬದಲಿಸಲೇಬೇಕಾದರೆ ಎಂಎಕ್ಸ್, ಜತೆಗೆ ಮೇಲ್ ಅಸಲಿ ಎಂದು ಸಾಬೀತು ಮಾಡುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಹೀಗೆ ನಾಲ್ಕನ್ನೂ ಹೊಸ ಕಡೆ ಮೊದಲೇ ಹಾಕಿ. ಶನಿವಾರ ಸಂಜೆ ಮಾಡಿ, ಒಳಕ್ಕೂ ಹೊರಕ್ಕೂ ಒಂದೊಂದು ಮೇಲ್ ಕಳಿಸಿ ನೋಡಿ. ಸಂಪರ್ಕ ಫಾರಂ ಸರ್ವರಿನ ಬರಿಯ ಮೇಲ್ ಫಂಕ್ಷನ್ ಬಳಸಿದರೆ ಸ್ಪ್ಯಾಮ್‌ಗೆ ಹೋಗುವುದು ಸಾಮಾನ್ಯ. ಎಸ್‌ಎಂಟಿಪಿ, ಅಂದರೆ ನಿಜವಾದ ಮೇಲ್ ಖಾತೆಗೆ ಲಾಗಿನ್ ಆಗಿ ಕಳಿಸುವ ವಿಧಾನದ ಮೂಲಕ ಕಳಿಸಿ, ಪಕ್ಕದಲ್ಲೇ ವಾಟ್ಸ್ಆ್ಯಪ್ ಬಟನ್ ಇಡಿ.

ತೆರಿಗೆಯ ವಿಷಯ ಚಿಕ್ಕದಾಗಿ. ಕರ್ನಾಟಕದಲ್ಲಿ ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ, ದರ ಶೇ 18. ಗೋಕುಲಂನಲ್ಲಿ ಕಲಿತು ಹೋದ ವಿದೇಶಿ ಯೋಗ ಶಿಕ್ಷಕರಿಗೆ ಮಾಡಿದ ಕೆಲಸದ ಹಣವೂ ಈ 20 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ನೋಂದಣಿ ಇಲ್ಲದೆ ಬಿಲ್‌ನಲ್ಲಿ ಜಿಎಸ್‌ಟಿ ಎಂದು ವಸೂಲು ಮಾಡುವಂತಿಲ್ಲ. ಕಂಪನಿಗಳು ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿದು ಕೊಟ್ಟರೆ ಅದು ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ಮೂರು ತಿಂಗಳಿಗೊಮ್ಮೆ ತೆರಿಗೆ ಪೋರ್ಟಲ್‌ನಲ್ಲಿ ನೋಡಿ.

ಉದ್ಯಮ್ ನೋಂದಣಿಯನ್ನು, ಅಂದರೆ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ (ಎಂಎಸ್‌ಎಂಇ) ಸರ್ಕಾರಿ ನೋಂದಣಿಯನ್ನು, ಮೊದಲ ಬಿಲ್‌ಗೂ ಮುಂಚೆಯೇ ಮಾಡಿಸಿ. ಸರ್ಕಾರಿ ಪೋರ್ಟಲ್‌ನಲ್ಲಿ ಅದು ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಅರ್ಜಿ ತುಂಬಲು ಸಾವಿರಾರು ಕೇಳುವ ಖಾಸಗಿ ಜಾಲತಾಣಗಳಿಗೆ ಹಣ ಕೊಡಬೇಡಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ, ಸಣ್ಣ ಉದ್ದಿಮೆಗೆ ಖರೀದಿದಾರರು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ, ಇದ್ದರೆ ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಒಪ್ಪಂದದಲ್ಲಿ 90 ದಿನ ಎಂದು ಬರೆದಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. 2023–24ರಿಂದ, ಹೀಗೆ ಗಡುವು ಮೀರಿಸಿದ ಖರೀದಿದಾರರು ಹಣ ಕೊಟ್ಟ ವರ್ಷದವರೆಗೆ ಆ ಖರ್ಚನ್ನು ತಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ. ಕಂಪನಿಗಳ ಅಕೌಂಟ್ಸ್ ವಿಭಾಗಕ್ಕೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಉದ್ಯಮ್ ಸಂಖ್ಯೆಯನ್ನು ಪ್ರತಿ ಬಿಲ್‌ನ ತಲೆಯಲ್ಲಿ, ನಿಮ್ಮ ಹೆಸರಿನ ಕೆಳಗೇ ಕಾಣುವಂತೆ ಮುದ್ರಿಸಿ. ಮಾರ್ಚ್ ತಿಂಗಳಲ್ಲಿ ಬಾಕಿ ನೆನಪಿಸುವ ಪತ್ರವನ್ನು ಮಾಲೀಕರ ಜತೆಗೆ ಅವರ ಲೆಕ್ಕಪರಿಶೋಧಕರಿಗೂ ಕಳಿಸಿ.